ಅತ್ತೆಯ ವಿಡಿಯೋ ಕಾಲ್, ನನ್ನ ಉಪ್ಪಿಟ್ಟು

ನಲ್ಲಿಯಲ್ಲಿ ನೀರು ಬರದಿದ್ದರೆ ಪಕ್ಕದ ಮನೆಯವರನ್ನು ವಿಚಾರಿಸುತ್ತೇವೆ. ವೈಫೈ ಬರದಿದ್ದರೆ ಮನೆಯವರ ಮೇಲೇ ಅನುಮಾನ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಆ ಅನುಮಾನಕ್ಕೆ ಗುರಿಯಾದವಳು ನಾನು. ದಾವಣಗೆರೆ ಕಡೆಯವರಾದ ನನ್ನ ಅತ್ತೆ ಸಂಜೆಯಾದರೆ ಹರಿಹರದ ತಂಗಿಯೊಡನೆ ವಿಡಿಯೋ ಕಾಲಿನಲ್ಲಿ ಮಾತಿಗೆ ಕೂರುತ್ತಾರೆ. ನಾನು ಅತ್ತಿಗುಪ್ಪೆಯ ಆಫೀಸಿನಿಂದ ಬಂದು ಗೇಟು ತೆಗೆದ ಸ್ವಲ್ಪ ಹೊತ್ತಿಗೆ ಆ ಚಿಕ್ಕತ್ತೆ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಡುತ್ತಿದ್ದರು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಪಾಪ, ಸೊಸೆ ಬಂದಳೆಂದು ಹೆದರಿ ಅಕ್ಕ ಫೋನ್ ಇಡುತ್ತಾಳೆ ಎಂದು ಚಿಕ್ಕತ್ತೆ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಉಪ್ಪಿಲ್ಲದ ಸಾರನ್ನೂ ಯಾರ ಮುಂದೂ ಬಿಟ್ಟುಕೊಡದ ಅತ್ತೆ ಇವರು.

ರಿಪೇರಿಗೆ ನಾನೇ ಇಳಿದೆ. ರೂಟರ್ ಶೋಕೇಸಿನಲ್ಲಿ ಹಿತ್ತಾಳೆ ದೀಪಗಳ ಹಿಂದೆ ಅಡಗಿತ್ತು. ಮೇಲೊಂದು ಅತ್ತೆ ಹೊಲಿದ ಕಸೂತಿ ಹೊದಿಕೆ. ನಮ್ಮಲ್ಲಿ ಮಿಕ್ಸಿಗೂ ಹೊದಿಕೆಯುಂಟು. ಅದನ್ನು ತೆಗೆದು ರೂಟರನ್ನು ಎತ್ತರದಲ್ಲಿಟ್ಟೆ. ಅಕ್ಕಪಕ್ಕದ ವೈಫೈಗಳ ಗೊಡವೆ ಬೇಡವೆಂದು ಚಾನೆಲ್ ಬದಲಿಸಿದೆ. ಪ್ರಯೋಜನವಾಗಲಿಲ್ಲ. ನಾನು ಎಲ್ಲೂ ಹೋಗಿ ಬರದ ಭಾನುವಾರ ಮಾತ್ರ ಕಾಲ್ ಸರಾಗ. ನನ್ನ ಕಾಲ್ಗುಣವೇ ಸರಿಯಿಲ್ಲವೇನೋ ಎಂದು ನನಗೂ ಅನಿಸತೊಡಗಿತು.

ಒಂದು ಸಂಜೆ ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ ಹೋದೆ. ಗೇಟಿನ ಸದ್ದು ಕೇಳಿದ ಅತ್ತೆ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ, ಮಾತಾಡುತ್ತಲೇ ನನ್ನ ಪಾಲಿನ ಉಪ್ಪಿಟ್ಟನ್ನು ಮೈಕ್ರೋವೇವ್ ಓವನ್ನಿನಲ್ಲಿ ಇಡುತ್ತಿದ್ದರು. ಗುಂಡಿ ಒತ್ತಿದರು, ಚಿಕ್ಕತ್ತೆ ನಿಂತರು. ಓವನ್ ನಿಂತಿತು, ಚಿಕ್ಕತ್ತೆಗೆ ಜೀವ ಬಂತು. ಓವನ್ ಓಡುವಾಗ ವೈಫೈಗೆ ಅಡ್ಡಬರುತ್ತದೆಂದು ಎಲ್ಲೋ ಓದಿದ್ದು ಆಗ ನೆನಪಾಯಿತು. ಅತ್ತೆಗೆ ವಿವರಿಸಿ, ನಾಳೆಯಿಂದ ತಣ್ಣಗೇ ತಿನ್ನುತ್ತೇನೆ ಎಂದೆ.

“ದಣಕೊಂಡು ಬರ್ತಿ, ತಣ್ಣಂದು ಯಾಕ ತಿಂತಿ? ಅಕಿ ಮಾತು ಎಲ್ಲಿಗೆ ಹೋಗ್ತತಿ, ನಾಳಿನೂ ಇರ್ತತಿ,” ಎಂದರು ಅತ್ತೆ.

ಮುಚ್ಚಿಡುವುದೇಕೆ, ಕಣ್ಣು ತುಂಬಿತು. ಫೋನಿನ ವೈಫೈ ಪಟ್ಟಿಯಲ್ಲಿ ನಮ್ಮ ರೂಟರಿಗೆ ‘ಫೈವ್ ಜಿ’ ಎಂಬ ಬಾಲವಿರುವ ಇನ್ನೊಂದು ಹೆಸರಿತ್ತು. ಅದರ ಅಲೆಗಳೇ ಬೇರೆ, ಅದಕ್ಕೆ ಓವನ್ನಿನ ಕಾಟವಿಲ್ಲ. ಅತ್ತೆಯ ಫೋನನ್ನು ಅದಕ್ಕೆ ಸೇರಿಸಿದೆ.

ಮರುಸಂಜೆ ಉಪ್ಪಿಟ್ಟು ಬಿಸಿಯಾಗುತ್ತಿದ್ದರೂ ಚಿಕ್ಕತ್ತೆಯ ಮಾತು ನಿಲ್ಲಲಿಲ್ಲ. ನನ್ನ ಮಾನ ಉಳಿಯಿತೆಂದು ಸೋಫಾದಲ್ಲಿ ಕಾಲು ಚಾಚಿದೆ. ಅತ್ತೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತಟ್ಟೆ ಹಿಡಿದು ಬಂದರು. ಹರಿಹರದ ದನಿ ಒಂದಕ್ಷರವೂ ತಪ್ಪದೆ ಕೇಳಿಸಿತು: “ಅಯ್ಯ ಅಕ್ಕ, ದಿನಾ ತಟ್ಟಿನೂ ನೀನ ಅಕಿ ಕೈಗೆ ಕೊಡಬೇಕನು?”

ಇಷ್ಟು ದಿನ ಅವರಿಗೆ ನನ್ನ ಮೇಲೆ ಬರೀ ಅನುಮಾನವಿತ್ತು. ಸಾಕ್ಷಿಯನ್ನು ನಾನೇ ಒದಗಿಸಿಕೊಟ್ಟೆ.