ಸಿಸ್ಟರ್ ಅವರದಲ್ಲದ ಪುಸ್ತಕಗಳು

ಒಂದೂ ಸ್ವಂತ ಪುಸ್ತಕವಿಲ್ಲದೆ ಎರಡು ಕೋಣೆ ತುಂಬ ಪುಸ್ತಕ ಕಾಯುವ ಮಹಾಲೋಭಿಯೊಬ್ಬರು ಜಯನಗರದಲ್ಲಿದ್ದಾರೆ. ನಂಬುವುದಿಲ್ಲವೇ? ಕಾನ್ವೆಂಟಿನ ಆ ವೃದ್ಧ ಸನ್ಯಾಸಿನಿಯ ಹತ್ತಿರ ಒಂದು ಪುಸ್ತಕ ಕಡ ಕೇಳಿ ನೋಡಿ!

ನಾನು ಸಿದ್ದಾಪುರದ ಎಲೆಕ್ಟ್ರಿಷಿಯನ್. ಎಸ್ಸೆಸ್ಸೆಲ್ಸಿಗೇ ಓದಿಗೆ ಕೈಮುಗಿದವನು. ಅವರ ಲೈಬ್ರರಿಗೆ ಟ್ಯೂಬ್‌ಲೈಟ್ ಹಾಕಲು ಹೋದವನು ಕಣ್ಣರಳಿಸಿ, "ಇಷ್ಟೂ ನಿಮ್ಮವಾ ಸಿಸ್ಟರ್?" ಎಂದೆ. ಹೌಹಾರಿದರು.

"ಛೆ ಛೆ! ಬಡತನದ ವ್ರತ ತಗೊಂಡವರು ನಾವು. ನಂದು ಅನ್ನೋ ಹಾಗೇ ಇಲ್ಲ. ಎಲ್ಲಾ ನಮ್ಮದು." ಮರುಕ್ಷಣವೇ ಗುಡುಗಿದರು: "ಏಣಿ ಪಕ್ಕಕ್ಕಿಡ್ರೀ, ನಮ್ಮ ಪುಸ್ತಕಕ್ಕೆ ತಾಗುತ್ತೆ!"

ಪ್ರತಿ ಪುಸ್ತಕದ ಮೊದಲ ಪುಟದಲ್ಲೂ 'ಸಿಸ್ಟರ್ ಇಂಥವರ ಬಳಕೆಗೆ' ಎಂದಿರುತ್ತದೆ. ಅವರು ತೀರಿಕೊಂಡರೆ ಕೆಳಗೆ ಇನ್ನೊಬ್ಬರ ಹೆಸರು. ಹಳೆಯದೊಂದರಲ್ಲಿ ಹೆಸರುಗಳ ಸಾಲು ಪುಟದ ಬುಡ ಮುಟ್ಟಿತ್ತು. ಬಿಟಿಎಂ ಲೇಔಟಿನ ಬಾಡಿಗೆ ಮನೆಗೂ ಅಷ್ಟು ಮಂದಿ ಬಂದುಹೋಗಿರಲಿಕ್ಕಿಲ್ಲ!

ಈ 'ನಮ್ಮ' ಎಲ್ಲಿಗೆ ಮುಟ್ಟಿದೆ ಗೊತ್ತೇ? ದಂತವೈದ್ಯರ ಬಳಿ "ನಮ್ಮ ಹಲ್ಲು ನೋಯ್ತಿದೆ" ಎಂದರಂತೆ. ಅವರು ಹೊರಗಿನ ಬೆಂಚಿನ ಮೇಲಿದ್ದ ಸಿಸ್ಟರುಗಳನ್ನೆಲ್ಲ ನೋಡಿ, "ಮೊದಲು ಯಾರದ್ದು ಕೀಳಲಿ ಮೇಡಂ?" ಎಂದರಂತೆ.

ಕಾನ್ವೆಂಟಿನಲ್ಲಿ ಊಟದ ಹೊತ್ತು ಮಾತಾಡುವಂತಿಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. ನಮ್ಮ ಸಿಸ್ಟರ್ ತಮ್ಮ ಸರದಿಯಲ್ಲಿ ಸಂತರ ಕಥೆ ಬಿಟ್ಟು ಪತ್ತೇದಾರಿ ಕಥೆ ಹಿಡಿದರು. ಕೊಲೆಗಾರ ಬಾಗಿಲು ತಳ್ಳುವಲ್ಲಿಗೆ ನಿಲ್ಲಿಸಿ, ನಿಧಾನವಾಗಿ ಸಾರನ್ನ ಕಲಸತೊಡಗಿದರು. ಮುಂದೇನೆಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಎಷ್ಟು ಜನಕ್ಕೆ ಬಿಕ್ಕಳಿಕೆ ಹತ್ತಿತೋ!

ಇಂಥವರ ಕಣ್ಣೇ ಮಂಜಾಗತೊಡಗಿತು. ಇನ್ನು ಸರಿಹೋಗದು ಎಂದರು ಡಾಕ್ಟರು. ಓದಿಲ್ಲದೆ ಇವರು ಬದುಕುವುದು ಹೇಗೆ? ಕಿರಿಯ ಸಿಸ್ಟರೊಬ್ಬರು ಓದಿ ಹೇಳುವ ಫೋನು ತಂದುಕೊಟ್ಟರು. "ಅದಕ್ಕೆ ಒಂದ್ಸಲಾನೂ ಕೆಮ್ಮು ಬರಲ್ಲ, ನಂಬೋದು ಹೇಗೆ?" ಎಂದು ಅದನ್ನು ತಳ್ಳಿ, ದಿನಾ ಬಂದು ಓದಿ ಹೇಳಿ ಎಂದು ನನಗೆ ಗಂಟುಬಿದ್ದರು.

"ಬರೆದಿದ್ದನ್ನೇ ಓದ್ಬೇಕು. ಒಂದಕ್ಷರ ಹಾರಿಸಿದ್ರೂ ನಾಳೆಯಿಂದ ಬರಬೇಡಿ."

"ಹಣೆ ತುಂಬ ವಿಭೂತಿ ಬಳ್ಕೊಂಡು, ಈ ವಯಸ್ಸಲ್ಲಿ ಕಾನ್ವೆಂಟ್ ಸೇರಿದ್ರಾ?" ಎಂದಳು ನನ್ನ ಹೆಂಡತಿ.

ಈಗ ತಪ್ಪೊಪ್ಪಿಗೆ. ಮೊನ್ನೆ ಒಂದು ಕಾದಂಬರಿ ಮುಗಿಯುತ್ತಿತ್ತು. ಕೊನೆಯ ಪುಟದಲ್ಲಿ, ದೂರದೂರಿನ ಮಗಳು ಬರುವ ಮೊದಲೇ ಮುದುಕಿ ಪ್ರಾಣ ಬಿಡುತ್ತಾಳೆ. ತಲೆಯೆತ್ತಿದೆ. ಸಿಸ್ಟರ್ ನನ್ನ ಕಡೆ ಅಲ್ಲ, ಪಕ್ಕದ ಖಾಲಿ ಕುರ್ಚಿಯ ಕಡೆ ಮುಖಮಾಡಿ ಕಾಯುತ್ತಿದ್ದರು. ಪುಟದಲ್ಲಿಲ್ಲದ್ದನ್ನು ಓದಿಬಿಟ್ಟೆ: ಮಗಳು ಬಂದಳು, ಅಮ್ಮನ ತಲೆ ನೇವರಿಸಿದಳು, ಕಾಫಿ ಮಾಡಿ ಕುಡಿಸಿದಳು.

ಪುಸ್ತಕ ಮುಚ್ಚಿದೆ. ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಇದನ್ನ ನಾವು ಎಷ್ಟೋ ಸಲ ಓದಿದೀವಿ," ಎಂದರು ಸಿಸ್ಟರ್ ಮೆಲ್ಲಗೆ. "ಪ್ರತಿ ಸಲಾನೂ ಆ ಹುಡುಗಿ ತಡವಾಗೇ ಬರ್ತಿದ್ಲು."

ಅವರು ಕೈ ಚಾಚಿ, ತಡಕಾಡಿ, ನನ್ನ ಮೊಣಕೈ ಹಿಡಿದರು.

"ಇವತ್ತು ಬಸ್ಸು ಬೇಗ ಸಿಕ್ತು ಅನ್ಸುತ್ತೆ."