ಶಾಲೆಯ ಮುಂದಿನ ರಸ್ತೆಯೂ ನನ್ನ ಮರ್ಯಾದೆಯೂ

ನನ್ನ ನೌಕರಿ ಎಂಥದೆಂದರೆ, ತಿಂಗಳಿಗೆ ಒಂದು ಸಲವಾದರೂ ಓಢಣಿಯಿಂದ ಮುಖ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಮನೆ ಸೇರುವ ಪ್ರಸಂಗ ಬಂದೇ ಬರುತ್ತದೆ. ಬರದಿದ್ದರೆ ನನ್ನ ಗಂಡನೇ ಕೇಳುತ್ತಾನೆ, "ಯಾಕ, ಈ ತಿಂಗಳ ಮೀಟಿಂಗ್ ಆಗಲಿಲ್ಲೇನು?"

ಚಿಕ್ಕೋಡಿಗೂ ನಿಪ್ಪಾಣಿಗೂ ನಡುವಿನ ಒಂದು ಸಣ್ಣ ಊರಿನ ಪುರಸಭೆಯಲ್ಲಿ ನಾನು ಕಿರಿಯ ಎಂಜಿನಿಯರು. ಊರಿನ ಹೆಸರು ಹೇಳುವುದಿಲ್ಲ. ಅಷ್ಟು ಮರ್ಯಾದೆಯಾದರೂ ಉಳಿಯಲಿ. ರಸ್ತೆ, ಗಟಾರು, ಬೀದಿದೀಪ, ಜನರ ಸುರಕ್ಷತೆ, ಇಷ್ಟನ್ನೂ ನೋಡಿಕೊಳ್ಳಲು ನಮ್ಮಲ್ಲೊಂದು ಸಮಿತಿ ಇದೆ. ಅದರ ಅಧ್ಯಕ್ಷರು ಕಬ್ಬಿನ ಹೊಲದ ಧಣಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸಮಿತಿ ಹೇಳಿದ್ದನ್ನು ಮಾಡಿಸುವುದು ನನ್ನ ಕೆಲಸ. ಮಾಡಿಸಿದ್ದು ಕೆಟ್ಟರೆ ಬೈಸಿಕೊಳ್ಳುವುದೂ ನನ್ನದೇ.

ಬೈಯುವವರು ಹೆಣ್ಣುಮಕ್ಕಳ ಶಾಲೆಯ ದೊಡ್ಡಬಾಯಾರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಬಾಯಾರು ಅನ್ನುತ್ತೇವೆ, ಇವರು ಶಾಲೆಯ ಮುಖ್ಯಸ್ಥರಾದ್ದರಿಂದ ದೊಡ್ಡಬಾಯಾರು. ನಾಲ್ಕನೇ ಇಯತ್ತೆಯಲ್ಲಿ ನನಗೆ ಭಾಗಾಕಾರ ಕಲಿಸಿದವರು. ಈಗಲೂ ಅವರನ್ನು ಕಂಡರೆ ನನ್ನ ಕೈ ತಾನಾಗಿ ಕಟ್ಟಿಕೊಳ್ಳುತ್ತದೆ.

ಅವರ ಶಾಲೆ ಇರುವುದು ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಮೇಲೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಕಿವಿ ಒಡೆಯುವ ಹಾಗೆ ಹಾಡು ಹಾಕಿಕೊಂಡು ಓಡುತ್ತವೆ. ಹೋದ ಹಂಗಾಮಿನಲ್ಲಿ ಒಬ್ಬ ಹುಡುಗಿ ಜೀವ ಉಳಿಸಿಕೊಳ್ಳಲು ಗಟಾರಿಗೆ ಹಾರಿದಳು. ಮೊಣಕಾಲು ಒಡೆಯಿತು, ಒಂದು ಚಪ್ಪಲಿ ಟ್ರೇಲರಿನ ಗಾಲಿಗೆ ಸಿಕ್ಕಿ ಹರಿಯಿತು. ದೊಡ್ಡಬಾಯಾರು ಆ ಚಪ್ಪಲಿಯನ್ನು ತಂದು ಸಮಿತಿಯ ಮೇಜಿನ ಮೇಲಿಟ್ಟು, "ಇವತ್ತ ಚಪ್ಪಲಿ ಹೋಗೇತಿ. ಮುಂದಿನ ಸಲ ಏನ್ ತಂದ ಇಡಬೇಕು ನಿಮ್ಮ ಮುಂದ?" ಎಂದರು. ನನಗಂತೂ ಅವತ್ತು ಊಟ ಸೇರಲಿಲ್ಲ.

ಅಂದಿನಿಂದ ಆ ರಸ್ತೆಯಲ್ಲಿ ಗಾಡಿಗಳ ಓಟ ತಗ್ಗಿಸುವುದೇ ಸಮಿತಿಯ ದೊಡ್ಡ ಕೆಲಸವಾಯಿತು. ಹೇಗೆ ತಗ್ಗಿಸಿದೆವು ಎಂಬುದನ್ನು ಹೇಳುತ್ತೇನೆ. ನಗಬೇಡಿ ಎನ್ನುವ ಧೈರ್ಯ ನನಗಿಲ್ಲ.

ಗುಂಡಿ

ಆಗಷ್ಟೇ ಮೈಸೂರು ಕಡೆಯಿಂದ ಹೊಸ ಮುಖ್ಯಾಧಿಕಾರಿ ಬಂದಿದ್ದರು. ಶಿಸ್ತಿನ ಮನುಷ್ಯ. ಮೊದಲ ಸಭೆಗೇ ಶಾಲೆಯ ಮುಂದೆ ಓಡಾಡಿ ನೋಡಿ ಬಂದಿದ್ದರು. ಶಾಲೆಯ ಗೇಟಿನ ಎದುರಿಗೆ ರಸ್ತೆಯಲ್ಲಿ ದೊಡ್ಡದೊಂದು ತೆಗ್ಗು ಬಿದ್ದಿತ್ತು. ಅದನ್ನು ತಪ್ಪಿಸಲು ಗಾಡಿಗಳೆಲ್ಲ ಗೇಟಿನ ಕಡೆಗೇ ಸರಿದು ಬರುತ್ತಿದ್ದವು.

ನಮ್ಮ ಕಡೆ ಅದಕ್ಕೆ ತೆಗ್ಗು ಅನ್ನುತ್ತೇವೆ, ಇಲ್ಲವೇ ಖಡ್ಡೆ. ಗುಂಡಿ ಎಂದರೆ ನಮಗೆ ಅಂಗಿಯದು ಮಾತ್ರ. ಮರಾಠಿಯಲ್ಲೂ ಹಾಗೇ. ಇದು ಪಾಪ ಮೈಸೂರಿನವರಿಗೆ ಹೇಗೆ ಗೊತ್ತಿರಬೇಕು?

ಸಭೆಯಲ್ಲಿ ಅಧ್ಯಕ್ಷರು ಎದುರಿಗೆ ಕೂತಿದ್ದರು. ಬೇಸಿಗೆ ಬೇರೆ. ಕೊರಳಿನ ಚಿನ್ನದ ಸರಪಳಿ ಎಲ್ಲರಿಗೂ ಕಾಣಲಿ ಎಂದು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಕೂರುವುದು ಅವರ ಪದ್ಧತಿ. ಸದಸ್ಯರೂ ಅವರನ್ನೇ ನೋಡಿ ಕಲಿತವರು. ಮುಖ್ಯಾಧಿಕಾರಿ ಮೇಜು ಕುಟ್ಟಿ ನೇರವಾಗಿ ಅಧ್ಯಕ್ಷರನ್ನು ನೋಡಿ ಹೇಳಿದರು, "ಅಲ್ಲ ಸ್ವಾಮಿ, ಹೆಣ್ಣುಮಕ್ಕಳು ಓಡಾಡೋ ಜಾಗ. ಅಷ್ಟು ದೊಡ್ಡ ಗುಂಡಿ ತೆರೆದು ಬಿಟ್ಟಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಮೊದಲು ಅದನ್ನ ಮುಚ್ಚಿ!"

ಅಧ್ಯಕ್ಷರ ಮುಖ ಕೆಂಪಾಯಿತು. ಎರಡೂ ಕೈಯಿಂದ ಅಂಗಿ ಹಿಡಿದುಕೊಂಡು ಕೊರಳಿನ ತನಕ ಗುಂಡಿ ಹಾಕಿಕೊಂಡರು. ಅವರನ್ನು ನೋಡಿ ಉಳಿದ ಸದಸ್ಯರೂ ಹಾಕಿಕೊಂಡರು. "ಧಗಿ ಭಾಳ ಇತ್ತರಿ ಸಾಹೇಬ್ರ, ಅದಕ್ಕ ಬಿಚ್ಚಿದ್ದೆ. ಬಾಯಾರ, ತಪ್ಪ ತಿಳ್ಕೋಬ್ಯಾಡ್ರಿ" ಎಂದು ಮೂಲೆಯಲ್ಲಿ ಕೂತಿದ್ದ ದೊಡ್ಡಬಾಯಾರಿಗೆ ಕೈ ಮುಗಿದರು.

ದೊಡ್ಡಬಾಯಾರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆ ನೋಟಕ್ಕೆ ನಾನೂ ಸುಮ್ಮನೆ ನನ್ನ ಓಢಣಿ ಸರಿಮಾಡಿಕೊಂಡೆ. ಸಭೆ ಮುಗಿದಾಗ ಎಲ್ಲರ ಗುಂಡಿಯೂ ಮುಚ್ಚಿತ್ತು, ರಸ್ತೆಯದೊಂದನ್ನು ಬಿಟ್ಟು.

ಕಬ್ಬಿನ ಹಾಲು

ಕೊನೆಗೂ ಆ ತೆಗ್ಗಿಗೆ ಜಲ್ಲಿ ಬಿತ್ತು. ಆಮೇಲೆ ಶಾಲೆಯ ಮುಂದೆ ಒಂದು ಹಂಪ್ ಹಾಕಬೇಕೆಂದು ತೀರ್ಮಾನವಾಯಿತು. ನಾನೇ ನಿಂತು ಅಳೆದು, ಗೇಟಿಗಿಂತ ತುಸು ಮೊದಲು ರಸ್ತೆಗೆ ಅಡ್ಡ ಸುಣ್ಣದ ಗೆರೆ ಎಳೆಸಿ ಬಂದೆ. "ಗೆರಿ ಇದ್ದಲ್ಲಿ ಹಾಕ್ರಿ" ಎಂದು ಗುತ್ತಿಗೆದಾರನಿಗೆ ಹೇಳಿದೆ. ಅವನೂ ಗೆರೆ ಇದ್ದಲ್ಲೇ ಹಾಕಿದ. ಮಾತು ಮೀರುವವನಲ್ಲ.

ಆದರೆ ನಾನು ಎಳೆಸಿದ ಗೆರೆ ಅಲ್ಲಿರಲಿಲ್ಲ. ಅದು ಸ್ವಲ್ಪ ಮುಂದೆ ಹೋಗಿ, ಶಾಲೆ ದಾಟಿ, ರಸವಂತಿ ಅಂಗಡಿಯ ಬಾಗಿಲಿಗೆ ನಿಂತಿತ್ತು. ರಸವಂತಿ ಎಂದರೆ ಕಬ್ಬಿನ ಹಾಲು ಮಾರುವ ಅಂಗಡಿ. ಯಾರು ಅಳಿಸಿದರು, ಯಾರು ಎಳೆದರು ಎಂದು ಕೇಳಿದರೆ ಇಡೀ ಓಣಿಗೆ ಏನೂ ಗೊತ್ತಿಲ್ಲ.

ನಾನು, ಮುಖ್ಯಾಧಿಕಾರಿ ಇಬ್ಬರೂ ನೋಡಲು ಹೋದೆವು. ನಾವು ನಿಂತಿದ್ದಾಗಲೇ ಒಂದು ಟ್ರ್ಯಾಕ್ಟರು ಶಾಲೆಯ ಮುಂದೆ ಸುಂಯ್ಯೆಂದು ಹಾದು ಬಂದು, ಹಂಪಿನ ಮೇಲೆ ಧಡಕ್ಕನೆ ಹಾರಿತು. ಟ್ರೇಲರು ಕುಲುಕಿ ಒಂದು ಹೊರೆ ಕಬ್ಬು ಸರಿಯಾಗಿ ಅಂಗಡಿಯ ಮುಂದೆ ಬಿತ್ತು. ಅಂಗಡಿಯವನು ಹೊರಗೆ ಬಂದು, ಮನೆಯ ಮುಂದಿನ ರಂಗೋಲಿ ನೋಡುವಷ್ಟು ಸಮಾಧಾನದಿಂದ ಅದನ್ನು ಎತ್ತಿಕೊಂಡ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು.

"ಬರ್ರಿ ಮೇಡಂ, ಬರ್ರಿ! ಹಂಪ್ ಹಾಕಿಸಿದ ಮ್ಯಾಲ ನಾ ಕಬ್ಬು ಕೊಂಡs ಇಲ್ರಿ. ನೀವು ನಮ್ಮ ಪಾಲಿನ ಲಕ್ಷ್ಮಿ. ಶುಂಠಿ ಹಾಕ್ಲೋ, ನಿಂಬಿಹಣ್ಣ ಹಾಕ್ಲೋ?"

ಬೇಡ ಬೇಡ ಎಂದರೂ ಗ್ಲಾಸು ಕೈಗೆ ಬಂತು. ಮುಖ್ಯಾಧಿಕಾರಿ ಆಗಲೇ ಅರ್ಧ ಕುಡಿದಿದ್ದರು. ಸರಿಯಾಗಿ ಆ ಹೊತ್ತಿಗೆ ಶಾಲೆಯ ಗೇಟು ತೆರೆದು ದೊಡ್ಡಬಾಯಾರು ಹೊರಗೆ ಬಂದರು. ನಾನು ಕೈ ಕಟ್ಟಲು ಹೋದೆ. ಕೈಯಲ್ಲಿ ಗ್ಲಾಸಿತ್ತು. ಹಾಲೆಲ್ಲ ಮೈಮೇಲೆ.

"ಕುಡಿ, ಕುಡಿ" ಎಂದರು ಅವರು. "ನನ್ನ ಹುಡುಗ್ಯಾರು ರಸ್ತಾ ದಾಟಿ ಜೀವಂತ ಬಂದ್ರ ಅವರಿಗೂ ಒಂದೊಂದ ಗ್ಲಾಸ್ ಕುಡಸು."

ಮುಖ್ಯಾಧಿಕಾರಿ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು. ಏನೋ ಕಟ್ಟುನಿಟ್ಟಿನ ಆದೇಶ ಕೊಡುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, "ಇವನು ಪಾರ್ಸೆಲ್ ಕೊಡ್ತಾನಾ?"

ಕೆಂಪು ಬಾವುಟ

ಹಂಪ್ ತೆಗೆದು ಬೇರೆ ಕಡೆ ಹಾಕಲು ಮತ್ತೆ ಮಂಜೂರಾತಿ ಬೇಕು. ಅಲ್ಲಿಯ ತನಕ ಏನು ಮಾಡುವುದು? ಅಧ್ಯಕ್ಷರು ಎದೆ ತಟ್ಟಿಕೊಂಡು, "ನಾನs ನಿಂದರತೇನಿ. ಕೆಂಪ ಬಾವುಟ ಕೊಡ್ರಿ, ನನ್ನ ಮುಂದ ಯಾಂವ ಜೋರ ಹೊಡೀತಾನ ನೋಡೂಣು" ಎಂದರು. ನಾನು ಖುಷಿಯಿಂದ ಬಾವುಟ ಹೊಲಿಸಿ ಕೊಟ್ಟೆ.

ನಮ್ಮ ಭಾಗದಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ರಸ್ತೆಯ ನಡುವೆ ಯಾರಾದರೂ ಬಾವುಟ ಹಿಡಿದು ನಿಲ್ಲಿಸಿದರೆ ಅದಕ್ಕೆ ಒಂದೇ ಅರ್ಥ: ಕಬ್ಬಿನ ದರಕ್ಕಾಗಿ ರೈತರ ಚಳವಳಿ. ಇದು ಅಧ್ಯಕ್ಷರಿಗೂ ಗೊತ್ತು, ನನಗೂ ಗೊತ್ತು. ಆ ಹೊತ್ತಿಗೆ ಇಬ್ಬರಿಗೂ ನೆನಪಾಗಲಿಲ್ಲ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಅಧ್ಯಕ್ಷರು ರಸ್ತೆಗಿಳಿದು ಬಾವುಟ ಬೀಸಿದರು. ಮೊದಲನೇ ಡ್ರೈವರು ಮರುಮಾತಿಲ್ಲದೆ ಎಂಜಿನ್ ಬಂದ್ ಮಾಡಿ, ಇಳಿದು, ಟ್ರೇಲರಿನ ನೆರಳಿಗೆ ಟವೆಲ್ ಹಾಸಿ ಮಲಗಿದ. ಎರಡನೆಯವನೂ ಹಾಗೇ ಮಾಡಿದ. "ಏಳ್ರೋ, ಹಗೂರಕ ಹೋಗ್ರಿ ಅಂದೆ ಅಷ್ಟ!" ಎಂದು ಅಧ್ಯಕ್ಷರು ಕೂಗಿದರೆ, "ಇರ್ಲಿ ಬಿಡ್ರಿ ಧಣಿ, ದರ ಆಗೂ ತನಕ ನಾವೂ ನಿಮ್ಮ ಜೋಡಿ ಅದೇವಿ" ಎಂಬ ಉತ್ತರ ಬಂತು. ಸುದ್ದಿ ಹಬ್ಬಿತು. ಹೊಲದಲ್ಲಿದ್ದವರು ಹಸಿರು ಟವೆಲ್ ಹೆಗಲಿಗೇರಿಸಿ ಬಂದು ರಸ್ತೆಯ ಮೇಲೆ ಕೂತರು. ಯಾರೋ ಮೈಕು ತಂದರು. ಪೊಲೀಸರು ಬಂದು, "ಇದಕ್ಕ ಮುಖಂಡ್ರು ಯಾರು?" ಎಂದು ಕೇಳಿದಾಗ ಜನ ಅಧ್ಯಕ್ಷರನ್ನು ತೋರಿಸಿದರು.

ಅಧ್ಯಕ್ಷರು ಒಂದು ಗಳಿಗೆ ನನ್ನ ಮುಖ ನೋಡಿದರು, ಒಂದು ಗಳಿಗೆ ಮೈಕು ನೋಡಿದರು. ಅವರೂ ಕಬ್ಬು ಬೆಳೆಗಾರರೇ. ಮೈಕು ಹಿಡಿದು, "ಬಂಧುಗಳೇ" ಎಂದು ಶುರು ಮಾಡಿಬಿಟ್ಟರು.

ನಾನು ಗೇಟಿನ ಕಂಬದ ಹಿಂದೆ ನಿಂತಿದ್ದೆ. ಒಳಗೆ ಹುಡುಗಿಯರೆಲ್ಲ ಪಾಟೀಚೀಲ ಹೊತ್ತು ಸಾಲಾಗಿ ಕಾಯುತ್ತಿದ್ದರು. ದೊಡ್ಡಬಾಯಾರು ನನ್ನ ಹತ್ತಿರ ಬಂದರು. "ಟ್ರ್ಯಾಕ್ಟರ್ ನಿಂತಾವ ಖರೆ. ಶಾಭಾಸ್. ಈಗ ಇವರೆಲ್ಲಾರೂ ಮನಿಗೆ ಹೆಂಗ ಹೋಗಬೇಕು, ಭಾಷಣ ಮುಗಿದ ಮ್ಯಾಲೋ, ದರ ಆದ ಮ್ಯಾಲೋ?"

ಬೋರ್ಡು

ಇಷ್ಟಾದ ಮೇಲೆ ದೊಡ್ಡಬಾಯಾರ ಮುಂದೆ ನಿಲ್ಲುವುದೇ ಕಷ್ಟವಾಯಿತು. ಸಂತೆಯಲ್ಲಿ ಅವರನ್ನು ಕಂಡರೆ ಮೆಣಸಿನಕಾಯಿ ಚೀಲದ ಹಿಂದೆ ಅಡಗುತ್ತಿದ್ದೆ. ಅವರು ಕೊನೆಗೆ ಸೋತ ದನಿಯಲ್ಲಿ, "ಮತ್ತೇನೂ ಬ್ಯಾಡವಾ, ಒಂದ ಬೋರ್ಡ್ ಆದ್ರೂ ಹಾಕಸು" ಎಂದರು. ಬೈದಿದ್ದರೆ ತಡೆಯುತ್ತಿದ್ದೆ. ಹಾಗೆ ಕೇಳಿದ್ದನ್ನು ತಡೆಯಲಾಗಲಿಲ್ಲ.

ಸಭೆಯಲ್ಲಿ ನಾನು "ನಿಧಾನವಾಗಿ ಚಲಿಸಿ" ಎಂದು ಬರೆಸೋಣ ಎಂದೆ. ಅಧ್ಯಕ್ಷರು ಒಪ್ಪಲಿಲ್ಲ. "ಮೇಡಂ, ಡ್ರೈವರ್ ಮಂದಿ ಅರ್ಧಕ್ಕರ್ಧ ಆ ಕಡೆಯವ್ರು, ಮರಾಠಿ ಮಾತಾಡವ್ರು. ಚಲಿಸಿ ಅಂದ್ರ ಅವರಿಗೆ ಏನ್ ತಿಳಿಬೇಕು? ಎಲ್ಲಾರೂ ಆಡೂ ಮಾತ ಬರಸ್ರಿ. ಹಳೂ ಹೋಗ್ರಿ. ಮುಗೀತು." ಹಳೂ ಎಂದರೆ ಮರಾಠಿಯಲ್ಲಿ ನಿಧಾನವಾಗಿ. ನಮ್ಮೂರಲ್ಲಿ ಕನ್ನಡದವರೂ ಹಾಗೇ ಅನ್ನುತ್ತಾರೆ. ಎಲ್ಲರೂ ತಲೆಯಾಡಿಸಿದರು.

ಪೇಂಟರು ಪಾಲಬಾವಿ ಕಡೆಯಿಂದ ಹೊಸದಾಗಿ ಬಂದವನು. ಅಕ್ಷರ ಮುತ್ತಿನ ಹಾಗೆ, ಆದರೆ ಮರಾಠಿಯ ಗಂಧವಿಲ್ಲ. ನಾನು ರಸ್ತೆಯಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದೆ, ಪಕ್ಕದಲ್ಲಿ ಟ್ರ್ಯಾಕ್ಟರಿನ ಹಾಡು.

"ಮ್ಯಾಲ ಶಾಲೆ ಇದೆ ಅಂತ ಬರಿ. ಕೆಳಗ, ಹಳೂ ಹೋಗ್ರಿ."

"ಏನ್ರಿ? ಹಾಳ?"

"ಹಾ, ಹಳೂ! ದೊಡ್ಡ ಅಕ್ಷರದಾಗ ಬರಿ."

"ಮೇಡಂ, ಹಂಗ ಬರದ್ರ ಮಂದಿ ಸಿಟ್ಟ ಆಗೂದಿಲ್ರಿ?"

"ಯಾಕ ಸಿಟ್ಟ ಆಗ್ತಾರೋ? ಅವರ ಒಳ್ಳೇದಕ್ಕ ಹೇಳೂದು."

"ಕೆಳಗ ಪುರಸಭೆ ಅಂತ ಹೆಸರು ಹಾಕೂದೋ, ಬ್ಯಾಡೋ?"

"ಹಾಕು. ಅದರಾಗ ನಾಚಿಕಿ ಏನೈತಿ?"

ಮರುದಿನ ಬೆಳಿಗ್ಗೆ ಅನಾವರಣ. ಅಧ್ಯಕ್ಷರು, ಮುಖ್ಯಾಧಿಕಾರಿ, ಸದಸ್ಯರು ಎಲ್ಲರೂ ಹಾಜರು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಪರದೆ ಸರಿದ ಕೂಡಲೇ ಚಪ್ಪಾಳೆ ತಟ್ಟಬೇಕೆಂದು ಹೇಳಲಾಗಿತ್ತು. ಅಧ್ಯಕ್ಷರು ಪರದೆ ಎಳೆದರು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ಅರ್ಧ ಮೈಲಿಯಿಂದ ಓದಬಹುದು:

ಶಾಲೆ ಇದೆ. ಹಾಳಾಗಿ ಹೋಗಿ. ಇಂತಿ, ಪುರಸಭೆ.

ಹುಡುಗಿಯರು ಹೇಳಿದ ಹಾಗೆ ಜೋರಾಗಿ ಚಪ್ಪಾಳೆ ತಟ್ಟಿದರು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮುಖ್ಯಾಧಿಕಾರಿ ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ನಾನು ಪೇಂಟರನ್ನು ಹಿಡಿದುಕೊಂಡೆ. ಅವನು ಅಭಿಮಾನದಿಂದಲೇ ನಿಂತಿದ್ದ. "ನೀವು ಹಾಳ ಹೋಗ್ರಿ ಅಂದಿದ್ರಿ ಮೇಡಂ. ಅದು ಶುದ್ಧ ಅಲ್ರಿ. ಸರಕಾರಿ ಬೋರ್ಡ್ ಅಂದ ಮ್ಯಾಲ ವ್ಯಾಕರಣ ಇರಬೇಕಲ್ರಿ? ಅದಕ್ಕ ಹಾಳಾಗಿ ಹೋಗಿ ಅಂತ ತಿದ್ದಿ ಬರದೇನಿ."

ನಾನು ಓಢಣಿ ಬಿಚ್ಚಿ ಬೋರ್ಡಿನ ಮೇಲೆ ಎಸೆಯಲು ಓಡಿದೆ. ಅಷ್ಟರಲ್ಲಿ ಒಂದು ಟ್ರ್ಯಾಕ್ಟರು ಬಂತು. ಬೋರ್ಡು ಕಂಡಿತು. ಹಾಡು ನಿಂತಿತು, ಬ್ರೇಕು ಬಿತ್ತು. ಡ್ರೈವರು ಕತ್ತು ಚಾಚಿ, ಪಕ್ಕದವನಿಗೆ "ಏ, ಏನ್ ಬರದಾರ ಓದಲೇ" ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕು, ಫೋಟೊ ತೆಗೆದುಕೊಂಡು, ಆಮೆಯ ಹಾಗೆ ಮುಂದೆ ಹೋದರು. ಹಿಂದಿನವನೂ ನಿಂತು ಓದಿದ. ಬೈಕಿನವರು ನಿಂತರು. ಜೀಪಿನವನೊಬ್ಬ ಹಿಂದಕ್ಕೆ ತಂದು ಮತ್ತೊಮ್ಮೆ ಓದಿದ. ಆ ನಡುವೆ ಹುಡುಗಿಯರೆಲ್ಲ ಕೈ ಕೈ ಹಿಡಿದು ಆರಾಮಾಗಿ ರಸ್ತೆ ದಾಟಿದರು.

ದೊಡ್ಡಬಾಯಾರು ಕೊನೆಯ ಹುಡುಗಿ ದಾಟುವ ತನಕ ನೋಡಿ, ನನ್ನ ಕೈಯಿಂದ ಓಢಣಿ ಕಸಿದುಕೊಂಡರು. "ಈ ಬೋರ್ಡ್ ಮುಟ್ಟಿದ್ರ ನೋಡು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ನಗು ಬಂದು ಒದ್ದೆಯಾಯಿತೋ ಏನೋ ನನಗೆ ಕೇಳುವ ಧೈರ್ಯವಾಗಲಿಲ್ಲ.

ಮುಂದಿನ ಸಭೆಗೆ ನಾನು "ನಿಧಾನವಾಗಿ ಚಲಿಸಿ" ಎಂಬ ಹೊಸ ಬೋರ್ಡು ಬರೆಸಿಕೊಂಡು ಹೋದೆ. ಸುತ್ತಲಿನ ಊರುಗಳಲ್ಲೆಲ್ಲ ನಮ್ಮ ಫೋಟೊ ಓಡಾಡುತ್ತಿತ್ತು. ಕಾಗವಾಡದಲ್ಲಿರುವ ನಮ್ಮ ಮಾವನವರೇ ಫೋನ್ ಮಾಡಿ, "ಇದು ನಿಮ್ಮ ಆಫೀಸಿಂದ ಏನವಾ?" ಎಂದು ಕೇಳಿದ್ದರು. ಆದರೆ ಸಭೆಯ ಬಾಗಿಲಿಗೆ ದೊಡ್ಡಬಾಯಾರು ಹುಡುಗಿಯರ ತಾಯಂದಿರನ್ನು ಕರೆದುಕೊಂಡು ಬಂದು ನಿಂತಿದ್ದರು. "ನಮಗ ಹಾಳಾಗಿ ಹೋಗಿ ಅನ್ನೂದs ಬೇಕು" ಎಂದು ಎಲ್ಲರೂ ಒಂದೇ ಸಮ. ಬೋರ್ಡು ಬಂದ ಮೇಲೆ ಒಂದು ಗಾಡಿಯೂ ಅಲ್ಲಿ ಜೋರಾಗಿ ಹೋಗಿಲ್ಲವಂತೆ. ಮುಖ್ಯಾಧಿಕಾರಿ ತಲೆ ಮೇಲೆ ಕೈ ಹೊತ್ತರು. ಅಧ್ಯಕ್ಷರು ಕೈ ಎತ್ತಿದರು, ಸದಸ್ಯರೆಲ್ಲ ಎತ್ತಿದರು.

ಠರಾವು ಓದುವುದು ನನ್ನ ಕೆಲಸ. ಎದ್ದು ನಿಂತೆ. ಕಿವಿ ಬಿಸಿಯಾಗಿತ್ತು, ಹಿಂದಿನಿಂದ ಒಬ್ಬ ತಾಯಿ "ಜೋರಾಗಿ ಓದವಾ, ಕೇಳವಲ್ದು" ಎಂದಳು. ಓದಿದೆ: "ಶಾಲಾ ಬಾಲಕಿಯರ ಸುರಕ್ಷತೆಯ ದೃಷ್ಟಿಯಿಂದ, ಸಾರ್ವಜನಿಕರಿಗೆ ಹಾಳಾಗಿ ಹೋಗಿ ಎಂದು ಹೇಳುವುದನ್ನು ಪುರಸಭೆಯು ಮುಂದೆಯೂ ಜಾರಿಯಲ್ಲಿಡತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು."