ಹೆಡ್ ಗುಮಾಸ್ತರು ಕೂರುವುದಿಲ್ಲ

ಮಂಕಿಯ ತೆಂಗಿನ ನಾರು ಉತ್ಪಾದಕರ ಸಹಕಾರಿ ಸಂಘದ ಹೆಡ್ ಗುಮಾಸ್ತರಾದ ಭಾಸ್ಕರ ನಾಯ್ಕರು ಮಾರ್ಚ್ ಮೂರನೆಯ ತಾರೀಖಿನಿಂದ ಕೂತಿಲ್ಲ. ಇದು ಆಪಾದನೆಯಲ್ಲ, ಸಂಘದ ಠರಾವು ಪುಸ್ತಕದಲ್ಲಿ ದಾಖಲಾದ ಸಂಗತಿ. ಮಲಗುವುದಕ್ಕೆ ಅವರಿಗೆ ಅವಕಾಶವಿತ್ತು, ಅದನ್ನೂ ಅವರು ಮಿತವಾಗಿ ಬಳಸುತ್ತಿದ್ದರು.

ಶುರುವಾದದ್ದು ಮರ್ಯಾದಸ್ಥ ರೀತಿಯಲ್ಲೇ. ಹೊನ್ನಾವರದ ಡಾಕ್ಟರ್ ವಿಭಾ ಅವರು ಸಕ್ಕರೆ ಸ್ವಲ್ಪ ಮೇಲಿದೆ, ದಿನಾ ಅರ್ಧ ಗಂಟೆ ನಡೆಯಿರಿ ಎಂದರು. ಮಗಳು ದಿವ್ಯಶ್ರೀ ಹೆಜ್ಜೆ ಎಣಿಸುವ ಗಡಿಯಾರ ತಂದು ಅಪ್ಪನ ಕೈಗೆ ಕಟ್ಟಿದಳು. ಹತ್ತು ಸಾವಿರ ಹೆಜ್ಜೆ ಮುಟ್ಟಿದ ದಿನ ಗಡಿಯಾರ ಗುಂಯ್ ಎಂದು ನಡುಗಿ ಪಟಾಕಿಯ ಚಿತ್ರ ತೋರಿಸಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಭಾಸ್ಕರರಿಗಾಗಿ ಯಾರೂ ಒಂದು ಪಟಾಕಿ ಹಚ್ಚಿದವರಲ್ಲ. ಅವರ ಕಣ್ಣು ತುಂಬಿ ಬಂತು. ಮರುದಿನ ಹದಿನೈದು ಸಾವಿರ ನಡೆದರು, ಆಮೇಲೆ ಇಪ್ಪತ್ತು.

ಕೂತರೆ ಎಣಿಕೆ ನಿಲ್ಲುತ್ತದೆ ಎಂಬುದು ಅವರಿಗೆ ಹೊಳೆದದ್ದು ಮಾರ್ಚ್ ಮೂರರಂದು. ಅಂದಿನಿಂದ ಆಫೀಸಿನ ಕೆಲಸವೆಲ್ಲ ನಡೆಯುತ್ತಲೇ ಆಯಿತು. ಕಾರ್ಯದರ್ಶಿ ಉಮೇಶ ನಾಯ್ಕರು ವ್ಯವಸ್ಥೆಯನ್ನು ಪ್ರೀತಿಸುವ ಮನುಷ್ಯ. ಒಂದೇ ವಾರದಲ್ಲಿ ಫಲಕದ ಮೇಲೆ ಸೂಚನೆ ಹಚ್ಚಿಸಿದರು: “ಹೆಡ್ ಗುಮಾಸ್ತರಲ್ಲಿ ಕೆಲಸವಿರುವ ಸದಸ್ಯರು ಅವರ ಎಡಬದಿಯಲ್ಲಿ ಸಮಾನ ವೇಗದಲ್ಲಿ ನಡೆಯತಕ್ಕದ್ದು. ಸಹಿಗಾಗಿ ಕಾಗದ ಹಿಡಿಯುವವರು ಹಿಮ್ಮುಖವಾಗಿ ನಡೆಯತಕ್ಕದ್ದು. ಎಡವಿ ಬಿದ್ದಲ್ಲಿ ಸಂಘವು ಹೊಣೆಯಲ್ಲ.”

ಕಸ ಗುಡಿಸುವ ಹನುಮಕ್ಕ ಮಾತ್ರ, “ತಮಾ, ನಾ ಗುಡ್ಸಿದಲ್ಲಿ ನೀ ನಡ್ಯೂದಾ, ನೀ ನಡ್ದಲ್ಲಿ ನಾ ಗುಡ್ಸೂದಾ? ಒಂದು ಹೇಳಿಬಿಡು” ಎಂದಳು. ಈ ಪ್ರಶ್ನೆಯನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಮನೆಯಲ್ಲೂ ತೊಂದರೆಯೇನಿರಲಿಲ್ಲ. ಭಾಸ್ಕರರು ಬಟ್ಟಲು ಹಿಡಿದು ಅಂಗಳ ಸುತ್ತುತ್ತಾ ಉಣ್ಣುತ್ತಿದ್ದರು, ಹೆಂಡತಿ ಕಲ್ಪನಾ ಸೌಟು ಹಿಡಿದು ಹಿಂದೆ ಬರುತ್ತಿದ್ದಳು. ನಡೆಯುತ್ತಾ ಬಂಗಡೆ ತಿಂದು ಗಂಟಲಿಗೆ ಮುಳ್ಳು ಸಿಕ್ಕಿಕೊಂಡ ಮೇಲೆ ಅವರು ಮೀನನ್ನೇ ಬಿಟ್ಟರು. ಮಂಕಿಯಲ್ಲಿ ಹುಟ್ಟಿದ ನಾಯ್ಕರೊಬ್ಬರು ವ್ರತವಿಲ್ಲದೆ, ಜ್ವರವಿಲ್ಲದೆ ಮೀನು ಬಿಟ್ಟದ್ದು ಕೇಳಿ ಕಲ್ಪನಾಳ ತವರಿನವರು ಸಮಾಧಾನ ಹೇಳಲು ಬಂದು ಹೋದರು.

ಮೇ ತಿಂಗಳಲ್ಲಿ ಎಡ ಮೊಣಕಾಲು ಊದಿತು. ಕಲ್ಪನಾ ಅವರನ್ನು ಹೇಗೋ ರಿಕ್ಷಾಕ್ಕೆ ಹತ್ತಿಸಲು ನೋಡಿದಳು. ರಿಕ್ಷಾದಲ್ಲಿ ಕೂರಬೇಕಾಗುತ್ತದೆ ಎಂದು ಅವರು ಹೊನ್ನಾವರಕ್ಕೆ ನಡೆದೇ ಹೋದರು. ರಿಕ್ಷಾ ಹಿಂದಿನಿಂದ ಕಲ್ಪನಾಳನ್ನು ಕರೆತಂದಿತು.

“ಇದು ಅಭ್ಯಾಸ ಅಲ್ಲ ನಾಯ್ಕರೇ, ಗೀಳು” ಎಂದರು ಡಾಕ್ಟರ್ ವಿಭಾ. “ಆರು ವಾರ ಕೂರಬೇಕು. ಇಲ್ಲದಿದ್ದರೆ ಈ ಕಾಲು ಆಮೇಲೆ ನಿಮ್ಮ ಮಾತು ಕೇಳೂದಿಲ್ಲ.” ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ನೋವಿದ್ದರೂ ನಿಲ್ಲಿಸುವುದಿಲ್ಲವೇ? ಒಂದು ದಿನ ತಪ್ಪಿದರೆ ಅಪರಾಧ ಮಾಡಿದಂತೆ ಅನಿಸುತ್ತದೆಯೇ? ಊಟ, ಕೆಲಸ, ನೆಂಟರಿಷ್ಟರು ಎಲ್ಲವೂ ಇದಕ್ಕೆ ಹೊಂದಿಕೊಳ್ಳಬೇಕೇ? ಹೀಗೆ ಏಳು. ಮೂರಕ್ಕೆ ಹೌದು ಎಂದಾದರೆ ಎಚ್ಚರ ವಹಿಸಬೇಕು ಎಂದು ಕೆಳಗೆ ಬರೆದಿತ್ತು. ಭಾಸ್ಕರರು ಡಾಕ್ಟರ ಮೇಜಿನ ಸುತ್ತ ನಡೆಯುತ್ತಾ ಏಳಕ್ಕೂ ಹೌದು ಎಂದರು. ಅವರು ಸುಳ್ಳು ಹೇಳುವವರಲ್ಲ.

ಆಫೀಸಿನವರು ಹೇಳಿದರೆ ಗಂಡ ಕೂತಾನು ಎಂದು ಕಲ್ಪನಾ ಆ ಹಾಳೆಯನ್ನು ಒಯ್ದು ಉಮೇಶರ ಕೈಗೆ ಕೊಟ್ಟಳು. “ನೋಡಿ, ಏಳಕ್ಕೆ ಏಳು ಬಂದದೆ. ಎಂತಾದ್ರೂ ಮಾಡಿ.”

ಉಮೇಶರು ಎಂತಾದರೂ ಮಾಡಿದರು. ಪ್ರಶ್ನಾವಳಿ ಎಂದರೆ ಅವರಿಗೆ ಗೊತ್ತಿದ್ದದ್ದು ಸಹಕಾರಿ ಇಲಾಖೆಯ ಆಡಿಟ್ ಮಾತ್ರ. ಅದರಲ್ಲಿ ಅವರ ಸಂಘಕ್ಕೆ ಹದಿನೆಂಟು ವರ್ಷಗಳಿಂದ ಸಿ ವರ್ಗಕ್ಕಿಂತ ಮೇಲೆ ಸಿಕ್ಕಿರಲಿಲ್ಲ. ಏಳಕ್ಕೆ ಏಳು! ಆಡಳಿತ ಮಂಡಳಿ ತುರ್ತು ಸಭೆ ಸೇರಿ ಭಾಸ್ಕರರನ್ನು ಎ ವರ್ಗದ ನೌಕರ ಎಂದು ಘೋಷಿಸಿತು. ಹಾಳೆಗೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರು. ಅವರ ಕುರ್ಚಿಯನ್ನು ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿಸಿದರು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಸಂಘಗಳಿಗಾಗಿ ಆಗಷ್ಟೇ ಶುರುವಾಗಿದ್ದ ಆರೋಗ್ಯ ನಡಿಗೆ ಸ್ಪರ್ಧೆಗೂ ಅವರ ಹೆಸರೇ ಹೋಯಿತು. ಹಗಲಿನಲ್ಲಿ ಸತತ ಹದಿನೈದು ನಿಮಿಷ ಎಣಿಕೆ ನಿಂತರೆ ಸ್ಥಾನ ರದ್ದು ಎಂಬುದು ಅದರ ನಾಲ್ಕನೆಯ ನಿಯಮ.

ಇಷ್ಟರಲ್ಲಿ ದಿವ್ಯಶ್ರೀಗೆ ಕುಮಟಾದ ಶಿಶಿರನ ಜೊತೆ ಸಂಬಂಧ ಕುದುರಿತು. ನಿಶ್ಚಯದ ದಿನ ಎರಡೂ ಕಡೆಯ ತಂದೆಯರು ಮಣೆಯ ಮೇಲೆ ಎದುರುಬದುರಾಗಿ ಕೂತು ವೀಳ್ಯ ಬದಲಾಯಿಸಿಕೊಳ್ಳಬೇಕು. ಮುಕ್ಕಾಲು ಗಂಟೆಯ ಶಾಸ್ತ್ರ.

“ಅಪ್ಪಾ, ಅವತ್ತೊಂದು ದಿನ ಕೂತ್ಕಂತ್ಯಲ?” ಎಂದಳು ದಿವ್ಯಶ್ರೀ, ಅಂಗಳದಲ್ಲಿ ಅಪ್ಪನ ಎಡಬದಿಯಲ್ಲಿ ಸಮಾನ ವೇಗದಲ್ಲಿ ನಡೆಯುತ್ತಾ.

“ಕೂತ್ಕಂತೆ ಮಗಾ. ನಿನ್ನ ಬಿಟ್ಟು ನಂಗೆ ಮತ್ತೆ ಯಾರಿದ್ರು?”

ಅವರು ಮನಸಾರೆ ಹೇಳಿದ್ದರು. ಅಭ್ಯಾಸಕ್ಕೆಂದು ಅಂದೇ ಜಗಲಿಯಲ್ಲಿ ಮಣೆ ಹಾಕಿಸಿದರು. ಮಡಚದ ಕಾಲನ್ನು ಮುಂದೆ ಚಾಚಿ, ಹೆಂಡತಿ ಮಗಳು ಇಬ್ಬರನ್ನೂ ಹಿಡಿದುಕೊಂಡು ಕೂತರು. ಎರಡನೆಯ ನಿಮಿಷಕ್ಕೆ ಬೆವರಿದರು. ಪಕ್ಕದ ತೋಟದಲ್ಲಿ ಯಾರೋ ತನ್ನ ಪಾಲಿನ ಹೆಜ್ಜೆಗಳನ್ನು ಕದ್ದು ನಡೆಯುತ್ತಿದ್ದಾರೆ ಅನಿಸಿತು. ಕೈ ಗುಂಯ್ ಎಂದಿತು. ಗಡಿಯಾರದಲ್ಲಿ ‘ಏಳಿ, ನಡೆಯಿರಿ’ ಎಂದು ಬಂತು. ಮಗಳ ಮುಖ ನೋಡಿದರು, ಗಡಿಯಾರ ನೋಡಿದರು, ಎದ್ದರು. ಅವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಎರಡನ್ನೂ ನಡೆಯುತ್ತಲೇ ಮುಗಿಸಿದರು.

ವಿಷಯ ಮಂಡಳಿಯ ಮುಂದೆ ಬಂತು. ಮಂಡಳಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಅಧಿಕಾರಿ ಲಭ್ಯರಿಲ್ಲದಾಗ ಪ್ರಭಾರ ವಹಿಸುವುದು ಎಲ್ಲ ಕಡೆ ಇರುವ ಪದ್ಧತಿ. ಮೊಹರು ಹಾಕಿದ ಆದೇಶ ಹೊರಟಿತು: “ಶ್ರೀ ಭಾಸ್ಕರ ನಾಯ್ಕರು ಕರ್ತವ್ಯದ ನಿಮಿತ್ತ ನಡಿಗೆಯಲ್ಲಿರುವುದರಿಂದ, ಕುಮಾರಿ ದಿವ್ಯಶ್ರೀ ಇವರ ತಂದೆಯ ಪ್ರಭಾರವನ್ನು ಕಾರ್ಯದರ್ಶಿ ಶ್ರೀ ಉಮೇಶ ನಾಯ್ಕರಿಗೆ ನಲವತ್ತೈದು ನಿಮಿಷಗಳ ಅವಧಿಗೆ ವಹಿಸಲಾಗಿದೆ.”

ನಿಶ್ಚಯ ನಡೆದ ಹೊನ್ನಾವರದ ಸಭಾಭವನದಲ್ಲಿ ಎದ್ದು ಹೋಗುವವರು ಯಾರಾದರೂ ಇದ್ದರೆ ಅದು ಶಿಶಿರನ ತಂದೆ ದಿನಕರ ನಾಯ್ಕರೇ ಎಂದು ಕಲ್ಪನಾ ಹೆದರಿದ್ದಳು. ಅವರು ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಮಣೆಯ ಮೇಲೆ ಎದುರಿಗೆ ಕೂತ ಉಮೇಶರನ್ನೂ, ಗೋಡೆಯ ಬದಿಯಲ್ಲಿ ಕುಂಟುತ್ತಾ ಸುತ್ತುತ್ತಿದ್ದ ಭಾಸ್ಕರರನ್ನೂ ಬಹಳ ಹೊತ್ತು ನೋಡಿದರು.

“ಆರ್ಡರ್ ಕಾಪಿ ಉಂಟಾ?” ಎಂದರು.

ಕೊಟ್ಟರು. ದಿನಕರರು ಮೊಹರು ನೋಡಿದರು. “ಆತು” ಎಂದರು. ಭಟ್ಟರು ಶಾಸ್ತ್ರ ಶುರುಮಾಡಿದರು.

ದಿವ್ಯಶ್ರೀ ಪ್ರಭಾರ ತಂದೆಯ ಕಾಲು ಮುಟ್ಟಿ ನಮಸ್ಕರಿಸಿದಳು. ಉಮೇಶರು ನಿಯಮಾನುಸಾರ ಆಶೀರ್ವದಿಸಿದರು. ಆಮೇಲೆ ಅವಳು ಸೀರೆ ಎತ್ತಿ ಹಿಡಿದು ಅಪ್ಪನ ಹಿಂದೆ ಓಡಿದಳು.

“ಅಪ್ಪಾ, ಒಂದ್ನಿಮಿಷ ನಿಲ್ಲು.”

“ಇನ್ನು ಎಂಟ್ನೂರೇ ಮಗಾ. ನೀನೇ ಜೊತೀಗೆ ಬಾ.”

ಅರ್ಧ ಸುತ್ತು ಅವಳು ಬಗ್ಗಿಕೊಂಡೇ ಬಂದಳು. ಕೈಗೆ ಒಮ್ಮೆ ಹಿಮ್ಮಡಿ ಸಿಕ್ಕಿತು. ಸಾಕು ಎಂದು ನಿಂತಳು. ಫೋಟೋಗಳಲ್ಲಿ ಉಮೇಶರು ಚೆನ್ನಾಗಿ ಬಂದಿದ್ದರು. ಅವರ ಹಿಂದೆ ಬಿಳಿ ಅಂಗಿಯೊಂದು ಮಸುಕಾಗಿ ಹಾದುಹೋಗಿತ್ತು.

ಸ್ಪರ್ಧೆಯಲ್ಲಿ ಸಂಘಕ್ಕೆ ಮೊದಲ ಸ್ಥಾನ ಬಂತು. ಸ್ಪರ್ಧೆ ಮುಗಿದರೂ ನಡಿಗೆ ಮುಗಿಯದ್ದರಿಂದ ಪ್ರಭಾರವನ್ನು ಮುಂದಿನ ಆದೇಶದವರೆಗೆ ವಿಸ್ತರಿಸಲಾಯಿತು. ಕಲ್ಪನಾ ಆಕ್ಷೇಪಣೆ ಸಲ್ಲಿಸಲಿಲ್ಲ. ಉಮೇಶರು ಮದುವೆಯ ಮಾತುಕತೆಗೆ ಬಂದಾಗಲೆಲ್ಲ ಕೂತು ಮಾತಾಡುತ್ತಿದ್ದರು, ಬಂಗಡೆಯನ್ನೂ ಕೂತೇ ತಿಂದರು. ಮದುವೆಯ ಕರೆಯೋಲೆಯಲ್ಲಿ ತಂದೆಯ ಜಾಗದಲ್ಲಿ ಅವರ ಹೆಸರೇ ಅಚ್ಚಾಯಿತು. ಕರೆಯೋಲೆ ಹಂಚುವ ಕೆಲಸಕ್ಕೆ ಭಾಸ್ಕರರಿಗಿಂತ ಯೋಗ್ಯರು ಮೂರು ತಾಲೂಕುಗಳಲ್ಲೂ ಇರಲಿಲ್ಲವಾದ್ದರಿಂದ ಅದನ್ನು ಅವರಿಗೇ ವಹಿಸಲಾಯಿತು. ಮೊದಲ ದಿನ ಕುಮಟಾ ಕಡೆ ಮುಗಿಸಿ, ಮೂರನೆಯ ದಿನ ಉಮೇಶರ ನೆಂಟರಿದ್ದ ಹೆಬಳೆಗೆ ಬಂದರು.

ಆ ನೆಂಟರ ಮನೆಯ ಯಜಮಾನರು ಕರೆಯೋಲೆ ಓದಿ, ಅಂಗಳದಲ್ಲಿ ನಿಂತಲ್ಲೇ ಕಾಲೆತ್ತಿ ಕಾಲಿಡುತ್ತಿದ್ದ ಮನುಷ್ಯನನ್ನು ನೋಡಿದರು.

“ಬನ್ನಿ, ಕೂತ್ಕಣಿ. ಆಸ್ರಿಗೆ ಎಂತ ಕೊಡ್ಲಿ, ಚಾವಾ ಮಜ್ಜಿಗೆಯಾ?”

“ಬೇಡ, ಬೇಡ. ಹೊರಟೆ.”

“ಹೌದು, ನೀವು ಹುಡುಗಿಗೆ ಎಂತ ಆಗ್ಬೇಕು?”

ಭಾಸ್ಕರರು ಗಡಿಯಾರ ನೋಡಿದರು. ನಲವತ್ತೊಂದು ಸಾವಿರದ ಇನ್ನೂರು ಆಗಿತ್ತು.

“ನಾನು ಸಂಘದಿಂದ ಬಂದದ್ದು” ಎಂದರು.

“ಹಾಂಗಾರೆ ಆತು” ಎಂದು ಯಜಮಾನರು ಕರೆಯೋಲೆ ಹಿಡಿದು ಒಳಗೆ ಹೋದರು.